ಬಾಣಲೆಗೆ ಯಾವುದು, ಏರ್ ಫ್ರೈಯರಿಗೆ ಯಾವುದು?

ಏರ್ ಫ್ರೈಯರ್ ಕೊಂಡವರು ಮೊದಲು ಎಡವುವುದು ಬಜ್ಜಿಯಲ್ಲಿ. ಕಲಸಿದ ಕಡಲೆಹಿಟ್ಟು ಕಾದ ಎಣ್ಣೆಗೆ ಬಿದ್ದ ಕೂಡಲೇ ಸುತ್ತಲೂ ಗಟ್ಟಿ ಕಟ್ಟುತ್ತದೆ. ಏರ್ ಫ್ರೈಯರಿನಲ್ಲಿ ಫ್ಯಾನು ತಿರುಗಿಸುವ ಬಿಸಿಗಾಳಿ ಮಾತ್ರ. ಎರಡೂ ಕಡೆ 180 ಡಿಗ್ರಿಯೇ ಇದ್ದರೂ ಗಾಳಿ ಎಣ್ಣೆಯಷ್ಟು ಬೇಗ ಶಾಖ ಮುಟ್ಟಿಸದು. ಹಿಟ್ಟು ಗಟ್ಟಿಯಾಗುವಷ್ಟರಲ್ಲಿ ಬುಟ್ಟಿಯ ತೂತಿನಿಂದ ಸೋರಿರುತ್ತದೆ. ಬಜ್ಜಿ, ಬೋಂಡ, ಉದ್ದಿನ ವಡೆಯನ್ನು ಬಾಣಲೆಗೇ ಬಿಡಿ. ಅಕ್ಕಿ ಸಂಡಿಗೆಯೂ ಅಷ್ಟೇ: ಒಳಗಿನ ಚೂರು ತೇವ ಒಮ್ಮೆಲೇ ಆವಿಯಾದರೆ ಅರಳುತ್ತದೆ, ನಿಧಾನವಾಗಿ ಕಾದರೆ ಕಲ್ಲಾಗುತ್ತದೆ.

ಉದ್ದಿನ ಹಪ್ಪಳದ ಮಾತೇ ಬೇರೆ, ಅದನ್ನು ಕೆಂಡದ ಮೇಲೂ ಸುಡುತ್ತೇವಲ್ಲ. ಎರಡೂ ಬದಿಗೆ ಎಣ್ಣೆ ಸವರಿ 180 ಡಿಗ್ರಿಯಲ್ಲಿ 1–2 ನಿಮಿಷ ಸಾಕು. ಮೇಲೊಂದು ಸ್ಟೀಲ್ ಜಾಲರಿ ಇಡಲೇಬೇಕು. ಇಲ್ಲದಿದ್ದರೆ ಹಪ್ಪಳ ಗಾಳಿಗೆ ಎದ್ದು ಮೇಲಿನ ಬಿಸಿ ಕಾಯಿಲ್‌ಗೆ ತಾಗಿ ಕರಕಲಾಗುತ್ತದೆ.

ಏರ್ ಫ್ರೈಯರ್ ನಿಜಕ್ಕೂ ಗೆಲ್ಲುವುದು ಬೆಂಡೆಕಾಯಿಯಲ್ಲಿ. ಕಾಲು ಕಿಲೋ ಬೆಂಡೆಯನ್ನು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಹೆಚ್ಚಿ. 2 ಚಮಚ ಎಣ್ಣೆ ಸವರಿ 180 ಡಿಗ್ರಿಯಲ್ಲಿ 12–14 ನಿಮಿಷ ಇಡಿ, 4 ನಿಮಿಷಕ್ಕೊಮ್ಮೆ ಬುಟ್ಟಿ ಕುಲುಕಿ. ಲೋಳೆ ಒಣಗಿ ಅಂಚು ಗರಿಯಾಗುತ್ತದೆ. ಬಾಣಲೆಯಲ್ಲಿ ಇದೇ ಹದಕ್ಕೆ ನಾಲ್ಕು ಪಟ್ಟು ಎಣ್ಣೆ ಬೇಕು. ಉಪ್ಪು ಕೊನೆಗೆ ಹಾಕಿ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಅರ್ಧ ಕಿಲೋ ಒಟ್ಟಿಗೆ ತುಂಬಿದರೆ ಗಾಳಿ ಆಡದೆ ಬೆಂಡೆ ಹಬೆಯಲ್ಲಿ ಬೆಂದಂತಾಗುತ್ತದೆ. ಹಾಗಲಕಾಯಿ ಬಿಲ್ಲೆಗೂ ಇದೇ ಕ್ರಮ.

ನಿಪ್ಪಟ್ಟು ಎರಡರಲ್ಲೂ ಆಗುತ್ತದೆ, ಆದರೆ ಹಿಟ್ಟು ಒಂದೇ ಅಲ್ಲ. 2 ಬಟ್ಟಲು ಅಕ್ಕಿಹಿಟ್ಟಿಗೆ ಬಾಣಲೆಯದಾದರೆ 2 ದೊಡ್ಡ ಚಮಚ ಕಾದ ಎಣ್ಣೆ ಸಾಕು. ಏರ್ ಫ್ರೈಯರಿಗಾದರೆ 4 ಬೇಕು, ಏಕೆಂದರೆ ಹೊರಗಿನಿಂದ ಎಣ್ಣೆ ಸಿಗುವುದಿಲ್ಲ. ತೆಳ್ಳಗೆ ತಟ್ಟಿ, ಎಣ್ಣೆ ಸವರಿ, 160 ಡಿಗ್ರಿಯಲ್ಲಿ 15 ನಿಮಿಷ, ನಡುವೆ ಒಮ್ಮೆ ಮಗುಚಿ. ಅವಸರಕ್ಕೆ 180 ಇಟ್ಟರೆ ಅಂಚು ಕಪ್ಪಾಗಿ ನಡು ಮೆತ್ತಗುಳಿಯುತ್ತದೆ. ಸರಿಯಾಗಿ ಬಂದರೂ ಕಡಿದಾಗ ಬಿಸ್ಕತ್ತಿನ ಪುಡಿತನವೇ ಹೆಚ್ಚು; ಹಬ್ಬದ ನಿಪ್ಪಟ್ಟಿನ ಸದ್ದು ಬರುವುದು ಎಣ್ಣೆಯಲ್ಲೇ.

ಬಾಣಲೆಯ ದೊಡ್ಡ ತೊಂದರೆ ಉಳಿದ ಎಣ್ಣೆ. ಪದೇ ಪದೇ ಕಾಯಿಸಿದರೆ ಅದು ಕೆಡುತ್ತದೆ. ಹೀಗೆ ಕೆಟ್ಟಾಗ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದ ಎಣ್ಣೆಯನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ಮನೆಯಲ್ಲಿ ಅಳೆಯಲಾಗದು, ನೊರೆ, ಕಮಟು ವಾಸನೆ, ಕಪ್ಪು ಬಣ್ಣ ಕಂಡರೆ ಚೆಲ್ಲಿ.

1500 ವಾಟ್ ಏರ್ ಫ್ರೈಯರಿಗೆ 16 ಆಂಪಿಯರ್ ಪ್ಲಗ್ಗೇ ಬೇಕು. 4 ಲೀಟರ್ ಬುಟ್ಟಿಯಲ್ಲಿ ಸಲಕ್ಕೆ ಆರೇಳು ನಿಪ್ಪಟ್ಟು ಹಿಡಿಸುತ್ತದೆ. ನಲವತ್ತು ಬೇಕಿದ್ದರೆ ಒಂದೂವರೆ ಗಂಟೆ; ಅಗಲ ಬಾಣಲೆಯಲ್ಲಿ ಅರ್ಧ ಗಂಟೆಯ ಕೆಲಸ.