ಶಾಲೆ ಕೊಟ್ಟ ಲ್ಯಾಪ್‌ಟಾಪ್: ಎರಡು ವರ್ಷ ಮನೆಯಲ್ಲಿಟ್ಟುಕೊಂಡು ನೋಡಿದ್ದು

ಅಮೆರಿಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸುವ ಕನ್ನಡದ ಮನೆಗಳಲ್ಲಿ ಈಗ ಊಟದ ಮೇಜಿನ ಒಂದು ತುದಿಗೆ ಶಾಲೆಯ ಲ್ಯಾಪ್‌ಟಾಪ್ ಇರುವುದು ಸಾಮಾನ್ಯವಾಗಿದೆ. ನಮ್ಮ ಮನೆಗೆ ಅದು ಬಂದು ಎರಡು ವರ್ಷವಾಯಿತು. ಮಗಳು ಆರನೆಯ ತರಗತಿಗೆ ಸೇರಿದ ಆಗಸ್ಟಿನಲ್ಲಿ ಬಂದದ್ದು. ಈಗ ಅವಳು ಏಳನ್ನು ಮುಗಿಸಿದ್ದಾಳೆ. ಊರಿನಿಂದ ಹೊಸದಾಗಿ ಬಂದವರು "ಶಾಲೆಯವರೇ ಎಲ್ಲ ಮಕ್ಕಳಿಗೂ ಲ್ಯಾಪ್‌ಟಾಪ್ ಕೊಡುತ್ತಾರಂತೆ, ಹೇಗಿದೆ?" ಎಂದು ಕೇಳುತ್ತಲೇ ಇರುವುದರಿಂದ ನಾವು ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ ಹೆಸರನ್ನಾಗಲಿ, ಯಂತ್ರ ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ಬೇರೆ ಊರುಗಳಲ್ಲಿರುವ ಗೆಳೆಯರ ಮಾತು ಕೇಳಿದರೆ ಅನುಭವ ಎಲ್ಲೆಡೆಯೂ ಹೆಚ್ಚು ಕಡಿಮೆ ಇದೇ ಎನಿಸುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಒಂದು ಪಟ್ಟಣದ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಶಾಲೆಗಳನ್ನು ನಡೆಸಲು ಸಾಮಾನ್ಯವಾಗಿ ಚುನಾಯಿತ ಮಂಡಳಿಯೊಂದು ಇರುತ್ತದೆ, ಅದರ ಖರ್ಚಿನ ದೊಡ್ಡ ಪಾಲು ಮನೆ ತೆರಿಗೆಯಿಂದ ಬರುತ್ತದೆ. ಆದ್ದರಿಂದ "ಉಚಿತ" ಎಂಬ ಪದವನ್ನು ಇಲ್ಲಿ ತುಸು ಎಚ್ಚರದಿಂದ ಬಳಸಬೇಕು. ಊರಿನಲ್ಲಿ ಸರ್ಕಾರ ವಿದ್ಯಾರ್ಥಿಗಳಿಗೆ ಹಂಚುವ ಲ್ಯಾಪ್‌ಟಾಪು ಅವರ ಕೈಸೇರಿದ ಮೇಲೆ ಅವರದೇ. ಇಲ್ಲಿ ಹಾಗಲ್ಲ. ಇದು ಕಡ ಕೊಟ್ಟ ವಸ್ತು; ಆಗಸ್ಟಿನಲ್ಲಿ ಸಹಿ ಹಾಕಿ ಪಡೆದು ಜೂನಿನಲ್ಲಿ ಎಣಿಸಿ ಹಿಂದಿರುಗಿಸಬೇಕು. ಶಾಲೆಯ ಜಿಮ್ನೇಷಿಯಮ್ಮಿನಲ್ಲಿ ಸಾಲಾಗಿ ಮೇಜುಗಳನ್ನು ಹಾಕಿ, ಯಂತ್ರದ ಅಡಿಯಲ್ಲಿ ಅಂಟಿಸಿದ ಬಾರ್‌ಕೋಡಿಗೂ ಚಾರ್ಜರಿನ ಮೇಲೆ ಬರೆದ ಸಂಖ್ಯೆಗೂ ಮಗುವಿನ ಗುರುತಿನ ಸಂಖ್ಯೆಗೂ ತಾಳೆ ನೋಡಿ ಕೊಡುತ್ತಾರೆ. ನಮ್ಮ ಕೈಗೆ ಬಂದ ಕರಾರು ನಾಲ್ಕು ಪುಟವಿತ್ತು. ವರ್ಷಕ್ಕೆ 30 ಡಾಲರಿನ ವಿಮೆ ಐಚ್ಛಿಕ ಎಂದಿತ್ತು. ಹಿಂದೆ ನಿಂತಿದ್ದ ಹಿರಿಯ ಮಕ್ಕಳ ತಾಯಿಯೊಬ್ಬರು "ಕಟ್ಟಿಬಿಡಿ, ಯೋಚಿಸಬೇಡಿ" ಎಂದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು.

ಯಂತ್ರದ ವಿಷಯ ಬೇಗ ಮುಗಿಸಬಹುದು. ಹನ್ನೊಂದು ಅಂಗುಲದ ಪರದೆಯ, ಅಂಚಿಗೆಲ್ಲ ರಬ್ಬರ್ ಕಟ್ಟಿದ, ನೋಡಲು ಯಾವ ಚಂದವೂ ಇಲ್ಲದ ಕ್ರೋಮ್‌ಬುಕ್, ಅಂದರೆ ಗೂಗಲ್ಲಿನ ಕ್ರೋಮ್ ಒಎಸ್ ತಂತ್ರಾಂಶದಿಂದ ನಡೆಯುವ ಲ್ಯಾಪ್‌ಟಾಪ್. ಬೆಳಿಗ್ಗೆ ತುಂಬಿಸಿದ ಚಾರ್ಜು ಸಂಜೆಯವರೆಗೂ ಬರುತ್ತದೆ, ಮುಚ್ಚಳ ತೆರೆದ ಕೆಲವೇ ಕ್ಷಣಗಳಲ್ಲಿ ಏಳುತ್ತದೆ, ಪ್ರಬಂಧ ಬರೆಯುವುದಕ್ಕೂ ಶಿಕ್ಷಕರು ಹಾಕಿದ ಪಾಠ ಓದುವುದಕ್ಕೂ ಧಾರಾಳವಾಗಿ ಸಾಕು. ಹತ್ತಾರು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ಏದುಸಿರು ಬಿಡುತ್ತದೆ. ನೀರಿನ ಬಾಟಲಿ, ಊಟದ ಡಬ್ಬಿ, ವಯೊಲಿನ್ ಇವುಗಳ ಜೊತೆಗೆ ಬಸ್ಸಿನಲ್ಲಿ ದಿನಾ ಓಡಾಡುವ ವಸ್ತುವಿಗೆ ಇದಕ್ಕಿಂತ ಹೆಚ್ಚು ನಾಜೂಕು ಇರಲೂಬಾರದು.

ಆದರೂ ಮೊದಲ ವರ್ಷದ ನವೆಂಬರಿನಲ್ಲಿ ಪರದೆ ಒಡೆಯಿತು. ಬಿದ್ದು ಒಡೆದದ್ದಲ್ಲ. ಕೀಲಿಮಣೆಯ ಮೇಲೆ ಪೆನ್ಸಿಲೊಂದು ಉಳಿದಿದ್ದುದನ್ನು ಗಮನಿಸದೆ ಮಗಳು ಮುಚ್ಚಳ ಹಾಕಿ ಒತ್ತಿದಳು, ಅಷ್ಟೇ. ತೆರೆದಾಗ ಎಡ ಮೂಲೆಯಿಂದ ಜೇಡರ ಬಲೆಯಂತೆ ಬಿರುಕು ಹರಡಿ, ಉಳಿದ ಭಾಗದಲ್ಲಿ ಕಪ್ಪು ಶಾಯಿ ಚೆಲ್ಲಿದಂತಾಗಿತ್ತು. ಶಾಲೆಯ ಗ್ರಂಥಾಲಯದಲ್ಲಿ ದುರಸ್ತಿಯ ಕೌಂಟರ್ ಇದೆ. ಅಲ್ಲಿನ ತಂತ್ರಜ್ಞರು ಕಾರಣ ಕೇಳುವ ಮೊದಲೇ "ಪೆನ್ಸಿಲೋ, ಇಯರ್‌ಫೋನೋ?" ಎಂದರಂತೆ. ಅದೇ ಗಳಿಗೆಯಲ್ಲಿ ಬದಲಿ ಯಂತ್ರವೊಂದನ್ನು ಕೊಟ್ಟು, ಮಗಳು ತನ್ನ ಖಾತೆಗೆ ಪ್ರವೇಶಿಸಿದೊಡನೆ ಹಳೆಯ ಬರಹಗಳೆಲ್ಲ ಇದ್ದಲ್ಲಿಯೇ ಕಾಣಿಸಿಕೊಂಡವು. ಒಂದು ತರಗತಿಯೂ ತಪ್ಪಲಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ಕೌಂಟರು. ಬದಲಿ ಯಂತ್ರದ 'ಕೆ' ಅಕ್ಷರದ ಕೀಲಿ ಕಿತ್ತುಹೋಗಿ ರಬ್ಬರಿನ ಮೊಳಕೆ ಮಾತ್ರ ಉಳಿದಿತ್ತು ಎಂಬುದನ್ನೂ, ದುರಸ್ತಿಯಾದ ನಮ್ಮ ಯಂತ್ರ ಮರಳಿ ಬರಲು ಏಳು ವಾರ ಹಿಡಿಯಿತು ಎಂಬುದನ್ನೂ ಹೇಳದಿದ್ದರೆ ಈ ಹೊಗಳಿಕೆ ಅರ್ಧ ಸತ್ಯವಾಗುತ್ತದೆ.

ಮಗುವಿಗೊಂದು ಯಂತ್ರವೆಂಬ ಈ ಪದ್ಧತಿ ಕೊರೊನಾ ಕಾಲದಲ್ಲಿ ಹುಟ್ಟಿದ್ದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ವರ್ಜೀನಿಯಾದ ಹೆನ್ರೈಕೊ ಕೌಂಟಿ 2001ರಲ್ಲಿ ತನ್ನ ಶಾಲೆಗಳಿಗೆ ಆ್ಯಪಲ್ ಕಂಪನಿಯ ಐಬುಕ್ ಲ್ಯಾಪ್‌ಟಾಪ್‌ಗಳನ್ನು ತಂದಿತು. ಮೇನ್ ರಾಜ್ಯದಲ್ಲಿ ಗವರ್ನರ್ ಆಗಿದ್ದ ಆಂಗಸ್ ಕಿಂಗ್ ಅವರು 2000ದಲ್ಲಿ ಮುಂದಿಟ್ಟ ಯೋಜನೆಯಂತೆ 2002ರ ಶರತ್ಕಾಲದಲ್ಲಿ ಏಳನೆಯ ತರಗತಿಯ ಸುಮಾರು 17,000 ಮಕ್ಕಳಿಗೆ ಲ್ಯಾಪ್‌ಟಾಪ್ ಸಿಕ್ಕಿತು. ಮೇನ್ ಯೋಜನೆಯಲ್ಲಿ ನನಗೆ ಮುಖ್ಯವೆನಿಸುವುದು ಶಿಕ್ಷಕರ ತರಬೇತಿಯನ್ನು ಯಂತ್ರದಷ್ಟೇ ಮುಖ್ಯ ಭಾಗವಾಗಿ ಕಂಡದ್ದು. ಅಲ್ಲಿ ಎಂಟನೆಯ ತರಗತಿಯ ಬರವಣಿಗೆ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದವರ ಪ್ರಮಾಣ 2000ದಲ್ಲಿ ಶೇ. 29ರಷ್ಟಿದ್ದದ್ದು 2005ರ ಹೊತ್ತಿಗೆ ಶೇ. 41ಕ್ಕೆ ಏರಿತ್ತು. ಇತರ ವಿಷಯಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ನಮ್ಮ ಮನೆಯಲ್ಲಿ ನಾನು ನೋಡಿದ್ದೂ ಇದಕ್ಕೆ ಹೊಂದುತ್ತದೆ. ಮಗಳು ಮೊದಲು ಒಂದು ಪುಟ ಬರೆದರೆ ಅದೇ ಕೊನೆ. ಈಗ ಶಿಕ್ಷಕಿ ಅಂಚಿನಲ್ಲಿ ಬರೆದ ಟಿಪ್ಪಣಿ ನೋಡಿ ಮೂರು ಸಲ ತಿದ್ದುತ್ತಾಳೆ, ತಿದ್ದಿದ್ದರಿಂದ ಬರಹ ನಿಜಕ್ಕೂ ಉತ್ತಮವಾಗುತ್ತದೆ. ಗಣಿತದಲ್ಲಿ ಮಾತ್ರ ಪರದೆಯ ಮೇಲೆ ಉತ್ತರದ ಅಂಕಿಯನ್ನಷ್ಟೇ ತುಂಬಿ ಮುಂದೆ ಹೋಗುವ ಅಭ್ಯಾಸ ಬೆಳೆದು, ಲೆಕ್ಕದ ಹಂತಗಳನ್ನು ಕಾಗದದ ಮೇಲೆ ಬರೆಸಲು ನಾನು ಪ್ರತಿ ಸಂಜೆ ಜಗಳ ಕಾಯಬೇಕಾಗಿದೆ.

ಕೊರೊನಾ ಬಂದ ಮೇಲೆ ದೇಶದ ಉಳಿದ ಭಾಗವೂ ಈ ದಾರಿಗೆ ಬಂತು. ಕೇಂದ್ರ ಸರ್ಕಾರ ಮೂರು ಕಂತುಗಳಲ್ಲಿ ಶಾಲೆಗಳಿಗೆ ಕೊಟ್ಟ ಸುಮಾರು 190 ಬಿಲಿಯನ್ ಡಾಲರಿನಲ್ಲಿ ಒಂದು ಪಾಲು ಇಂಥ ಯಂತ್ರಗಳಿಗೂ ಹೋಯಿತು. ಆ ಹಣದ ಕೊನೆಯ ಕಂತನ್ನು ಯಾವುದಕ್ಕೆಂದು ಗೊತ್ತುಮಾಡಲು ಕೊನೆಯ ದಿನ 2024ರ ಸೆಪ್ಟೆಂಬರ್ 30 ಆಗಿತ್ತು. ಯಂತ್ರಗಳು ಮಾತ್ರ ಹಳೆಯದಾಗುವುದನ್ನು ನಿಲ್ಲಿಸಲಿಲ್ಲ. ನಮ್ಮ ಡಿಸ್ಟ್ರಿಕ್ಟಿನ ಬಜೆಟ್ ಸಭೆಗೆ ಹೋಗಿ ಕುಳಿತಾಗ, ಮೊದಲು ಅನುದಾನದಲ್ಲಿ ಬರುತ್ತಿದ್ದ ಖರ್ಚು ಈಗ ಸ್ಥಳೀಯ ತೆರಿಗೆಯ ತಲೆಗೆ ಬಂದಿರುವುದರಿಂದಲೇ ಏಳು ವಾರದ ದುರಸ್ತಿ, ಕೀಲಿ ಕಿತ್ತ ಬದಲಿ ಯಂತ್ರ, ಮುಂದಿನ ವರ್ಷದಿಂದ 45 ಡಾಲರಾಗುವ ವಿಮೆ ಎಂದು ಅರ್ಥವಾಯಿತು.

ಇಲ್ಲಿ ಪಾಲಕರು ತಾವೇ ನೋಡಿಕೊಳ್ಳಬಹುದಾದ ಒಂದು ವಿಷಯವಿದೆ. ಕ್ರೋಮ್‌ಬುಕ್ಕಿಗೆ ಗೂಗಲ್ ಎಷ್ಟು ವರ್ಷ ತಂತ್ರಾಂಶದ ನವೀಕರಣ ಕಳುಹಿಸುತ್ತದೆ ಎಂಬುದಕ್ಕೆ ಗಡುವು ಇರುತ್ತದೆ, ಆ ಗಡುವಿನ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ತಳಹದಿ (ಒಳಗಿನ ಮೂಲ ಯಂತ್ರಾಂಶ) ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಮಾದರಿ ಕೊಂಡರೆ, ಗಟ್ಟಿಮುಟ್ಟಾಗಿರುವ ಯಂತ್ರವನ್ನೇ ಕೆಲವು ವರ್ಷಗಳಲ್ಲಿ ಮೂಲೆಗೆ ಹಾಕಬೇಕಾಗುತ್ತದೆ. ಗ್ರಾಹಕ ಸಂಘಟನೆಗಳು ಇದನ್ನು ದೊಡ್ಡದಾಗಿ ಎತ್ತಿದ ಮೇಲೆ 2023ರ ಸೆಪ್ಟೆಂಬರಿನಲ್ಲಿ ಗೂಗಲ್ ಈ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು. 2021ರಿಂದೀಚಿನ ಮಾದರಿಗಳಿಗೆ ಅದು ತಾನಾಗಿಯೇ ಅನ್ವಯಿಸುತ್ತದೆ, ಅದಕ್ಕಿಂತ ಹಳೆಯವಕ್ಕೆ ಡಿಸ್ಟ್ರಿಕ್ಟಿನವರು ಬೇಕೆಂದು ಆಯ್ದುಕೊಳ್ಳಬೇಕು. ಸೆಟ್ಟಿಂಗ್ಸಿನಲ್ಲಿ ಕ್ರೋಮ್ ಒಎಸ್ ಕುರಿತ ವಿವರದ ಪುಟ ತೆರೆದರೆ ಕೊನೆಯ ತಿಂಗಳು ಬರೆದಿರುತ್ತದೆ. ಎರಡು ನಿಮಿಷದ ಕೆಲಸ. ಸಭೆಯಲ್ಲಿ ಕೇಳಲು ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ನನಗೆ ತಿಳಿದಿಲ್ಲ.

ಇನ್ನು ಸೋಸುವಿಕೆಯ ವಿಚಾರ. ಇಂಟರ್ನೆಟ್ಟಿಗಾಗಿ ಕೇಂದ್ರದ ರಿಯಾಯಿತಿ ಪಡೆಯುವ ಶಾಲೆಗಳು ಮಕ್ಕಳಿಗೆ ಹಾನಿಕರವಾದ ಚಿತ್ರಗಳನ್ನು ತಡೆಯಲೇಬೇಕೆಂದು 2000ದ ಕಾನೂನೊಂದು ಹೇಳುತ್ತದೆ. ಆದ್ದರಿಂದ ಯಂತ್ರ ಮನೆಯಲ್ಲಿದ್ದಾಗಲೂ ಶಾಲೆಯ ಜರಡಿ ಅದರ ಜೊತೆಯಲ್ಲಿಯೇ ಇರುತ್ತದೆ. ತತ್ತ್ವಕ್ಕೆ ನನ್ನ ತಕರಾರಿಲ್ಲ. ವಿಜ್ಞಾನದ ಶಿಕ್ಷಕರು ತಾವೇ ನೋಡಲು ಹೇಳಿದ ಜ್ವಾಲಾಮುಖಿಯ ವಿಡಿಯೊ ನಮ್ಮ ಮನೆಯಲ್ಲಿ ತೆರೆಯಲಿಲ್ಲ, ಕೊನೆಗೆ ನನ್ನ ಫೋನಿನಲ್ಲಿ ನೋಡಿದ್ದಾಯಿತು. ಆಟಗಳು ಮಾತ್ರ ಸರಾಗವಾಗಿ ತೆರೆಯುತ್ತವೆ! ಒಂದು ವಿಳಾಸ ಮುಚ್ಚಿದ ಮರುದಿನವೇ ಪಾಠದ ಪುಟದಂತೆ ಹೆಸರಿಟ್ಟುಕೊಂಡ ಇನ್ನೊಂದು ವಿಳಾಸ ಮಕ್ಕಳ ಬಾಯಿಂದ ಬಾಯಿಗೆ ಹರಡುತ್ತದೆ. ಇದು ಹೊಸ ಕಥೆಯೇನಲ್ಲ. ಲಾಸ್ ಏಂಜಲೀಸಿನ ಶಾಲೆಗಳು ನೂರು ಕೋಟಿ ಡಾಲರಿಗೂ ಮೀರಿದ ಯೋಜನೆ ಹಾಕಿಕೊಂಡು 2013ರಲ್ಲಿ ಐಪ್ಯಾಡ್ ಹಂಚತೊಡಗಿದಾಗ, ಕೆಲವೇ ದಿನಗಳಲ್ಲಿ ಮಕ್ಕಳು ಶಾಲೆಯ ತಡೆಗೆ ಆಧಾರವಾಗಿದ್ದ ತಮ್ಮ ಪ್ರೊಫೈಲನ್ನೇ ಅಳಿಸಿ ತಡೆಯನ್ನು ದಾಟಿಬಿಟ್ಟರು. ಖರೀದಿಯ ಬಗ್ಗೆ ಪ್ರಶ್ನೆಗಳೆದ್ದು ಮರುವರ್ಷ ಆ ಗುತ್ತಿಗೆಯನ್ನೇ ಕೈಬಿಟ್ಟರು. ಹನ್ನೆರಡು ವರ್ಷದ ಮಕ್ಕಳ ಹಠಕ್ಕೆ ಬೇಲಿ ಹಾಕುವುದು ಸುಲಭವಲ್ಲ ಎಂಬುದನ್ನು ಪಕ್ಕದ ತೋಟದ ಮಾವಿನಕಾಯಿ ಕದ್ದು ಬೆಳೆದ ನಮಗೆ ಯಾರೂ ಹೇಳಬೇಕಿಲ್ಲ.

ಯಾರು ಏನನ್ನು ನೋಡುತ್ತಾರೆ ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಪೆನ್ಸಿಲ್ವೇನಿಯಾದ ಲೋವರ್ ಮೇರಿಯನ್ ಡಿಸ್ಟ್ರಿಕ್ಟಿನಲ್ಲಿ, ಕಳವಾದ ಯಂತ್ರ ಹುಡುಕಲೆಂದು ಹಾಕಿದ್ದ ತಂತ್ರಾಂಶ ವಿದ್ಯಾರ್ಥಿಗಳ ಮನೆಯೊಳಗಿಂದಲೂ ಕ್ಯಾಮೆರಾದ ಚಿತ್ರ ತೆಗೆಯುತ್ತಿತ್ತೆಂಬುದು 2010ರಲ್ಲಿ ಮೊಕದ್ದಮೆಯಿಂದ ಹೊರಬಿತ್ತು. ಹತ್ತಾರು ಸಾವಿರ ಚಿತ್ರಗಳು ಸಿಕ್ಕವು, ಅದೇ ವರ್ಷ ಡಿಸ್ಟ್ರಿಕ್ಟು 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮ ನಾಲ್ಕು ಪುಟದ ಕರಾರಿನಲ್ಲಿ "ಬಳಕೆಯನ್ನು ಗಮನಿಸಲಾಗುವುದು" ಎಂಬ ಒಂದೇ ವಾಕ್ಯವಿತ್ತು. ಯಾವ ಹೊತ್ತಿನಲ್ಲಿ, ಯಾರು, ಏನನ್ನು ಎಂದು ಕೇಳಿ ಬರೆದೆ. ತರಗತಿಯ ವೇಳೆಯಲ್ಲಿ ಶಿಕ್ಷಕರಿಗೆ ಮಕ್ಕಳ ಪರದೆ ಕಾಣುತ್ತದೆ, ಶಾಲೆ ಬಿಟ್ಟ ಮೇಲೆ ಇಲ್ಲ, ಕ್ಯಾಮೆರಾವನ್ನು ದೂರದಿಂದ ತೆರೆಯುವುದಿಲ್ಲ ಎಂದು ಉತ್ತರ ಬಂತು. ಉತ್ತರ ಸಮಾಧಾನಕರವಾಗಿಯೇ ಇತ್ತು. ಕೇಳದೆಯೇ ಅದನ್ನು ಕರಾರಿನಲ್ಲಿ ಬರೆಯಬಹುದಿತ್ತಲ್ಲ ಎಂಬುದು ನನ್ನ ದೂರು. ಕ್ಯಾಮೆರಾದ ಮೇಲೆ ಒಂದು ಬಿಂದಿ ಅಂಟಿಸಿದ್ದೇನೆ.

ಕನ್ನಡದವರಿಗೆಂದೇ ಒಂದು ಸಂಗತಿ ಹೇಳಬೇಕು. ಮಗಳು ಭಾನುವಾರದ ಕನ್ನಡ ಶಾಲೆಗೆ ಹೋಗುತ್ತಾಳೆ, ಅಲ್ಲಿಯ ಮನೆಗೆಲಸವನ್ನು ಇದರಲ್ಲಿಯೇ ಟೈಪ್ ಮಾಡಲೆಂದು ಕನ್ನಡದ ಕೀಲಿಮಣೆ ಸೇರಿಸಲು ಹೋದೆವು. ಆ ಸಾಲಿನ ಪಕ್ಕದಲ್ಲಿ ಪುಟ್ಟ ಕಟ್ಟಡದ ಚಿಹ್ನೆ ಕಾಣಿಸಿತು. ಆ ಚಿಹ್ನೆ ಇದ್ದರೆ ಅದು ಡಿಸ್ಟ್ರಿಕ್ಟಿನ ಹಿಡಿತದಲ್ಲಿದೆ, ನಾವು ಮುಟ್ಟುವಂತಿಲ್ಲ ಎಂದರ್ಥ. ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್ ಇದ್ದವು, ಅಷ್ಟೇ. ದುರಸ್ತಿಯ ಕೌಂಟರಿಗೇ ಮಿಂಚಂಚೆ ಬರೆದೆ. ಮೂರು ವಾರವಾದ ಮೇಲೆ ತಂತ್ರಜ್ಞರು ಫೋನ್ ಮಾಡಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರು ಸಿಕ್ಕಿದೆಯೆಂದೂ, ತೆರೆಯುವುದಾದರೆ ಇಡೀ ಡಿಸ್ಟ್ರಿಕ್ಟಿಗೇ ತೆರೆಯಬೇಕಾಗುತ್ತದೆಂದೂ, ಅದಕ್ಕೆ ಮೇಲಿನವರ ಒಪ್ಪಿಗೆ ಬಂದಿದೆಯೆಂದೂ ಹೇಳಿದರು. ಜೊತೆಗೆ ತೆಲುಗು, ತಮಿಳು, ಸೊಮಾಲಿಯೂ ಬೇಕೆಂದು ಬೇರೆ ಮನೆಗಳವರು ಆಗಲೇ ಕೇಳಿದ್ದರಂತೆ. ಮರುದಿನ ಸಂಜೆ ಮಗಳು ಮೊದಲು ಹೊಡೆದ ಪದ "ಅಜ್ಜಿ". ಜಕಾರಕ್ಕೆ ಜಕಾರದ ಒತ್ತು ಬರಲು ನಾಲ್ಕು ಸಲ ಅಳಿಸಿ ಬರೆದಳು.

ನಕ್ಷತ್ರ ಕೊಡಬೇಕೆಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಯಂತ್ರಕ್ಕೆ ಮೂರು, ಕೌಂಟರಿನವರಿಗೆ ನಾಲ್ಕೂವರೆ, ಕರಾರು ಬರೆದವರಿಗೆ ಎರಡು. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿಗೆಂದು ಬೇರೆ ಕಂಪ್ಯೂಟರ್ ಇರುವವರು ಕೂಡ ಇದನ್ನು ಬೇಡವೆನ್ನಬಾರದು, ಏಕೆಂದರೆ ಪರೀಕ್ಷೆಗಳು ಇದರಲ್ಲಿಯೇ ನಡೆಯುತ್ತವೆ. ವಿಮೆ ಕಟ್ಟಿ. ರಾತ್ರಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಲು ಬಿಡಬೇಡಿ. ಚಾರ್ಜರಿನ ರಂಧ್ರದಲ್ಲಿ ಪಿನ್ನು, ಪೆನ್ಸಿಲ್ ತುದಿ ತುರುಕಿ ಹೊಗೆ ಬರಿಸುವ ಹುಚ್ಚಾಟವೊಂದು 2025ರ ಮೇ ತಿಂಗಳಲ್ಲಿ ಟಿಕ್‌ಟಾಕ್ ಮೂಲಕ ದೇಶದ ಹಲವೆಡೆ ಹಬ್ಬಿತ್ತು. ಅಂಥದ್ದು ವಿಮೆಯಲ್ಲಿ ಬರುವುದಿಲ್ಲ, ಪೂರ್ತಿ ಬೆಲೆ ತೆರಬೇಕಾಗುತ್ತದೆ ಎಂದು ಮಕ್ಕಳಿಗೆ ಮೊದಲೇ ತಿಳಿಸಿಡಿ.

ಈ ಜೂನಿನಲ್ಲಿ ಹಿಂದಿರುಗಿಸುವಾಗ ಯಂತ್ರದ ಬಾರ್‌ಕೋಡ್ ತಾಳೆಯಾಯಿತು, ಚಾರ್ಜರಿನ ಸಂಖ್ಯೆ ಆಗಲಿಲ್ಲ. ವರ್ಷದ ನಡುವೆ ಯಾವಾಗಲೋ ಗೆಳತಿಯ ಚಾರ್ಜರ್ ನಮ್ಮ ಚೀಲಕ್ಕೂ ನಮ್ಮದು ಅವಳ ಚೀಲಕ್ಕೂ ಸೇರಿಬಿಟ್ಟಿತ್ತು. ಇಲ್ಲದ ಚಾರ್ಜರಿಗೆ 35 ಡಾಲರ್ ಎಂದು ರಸೀದಿ ಹರಿಯುವಷ್ಟರಲ್ಲಿ ಸಾಲಿನಲ್ಲಿ ಐದು ಜನರ ಹಿಂದೆ ಆ ಗೆಳತಿ ತಾಯಿಯೊಡನೆ ನಿಂತಿದ್ದುದು ಕಂಡಿತು. ಮಗಳು ಅವಳ ಹೆಸರು ಕೂಗಿದಳು.