ಐಎಂಎಫ್ ಡೇಟಾಮ್ಯಾಪರ್: ಫ್ರೀ ಇದೆ, ನೋಡ್ಲೇಬೇಕಾದ ಸೈಟು

ಕರೆಂಟ್ ಅಕೌಂಟ್ ಡೆಫಿಸಿಟ್ (ದೇಶ ಹೊರಗಡೆಯಿಂದ ಗಳಿಸೋದಕ್ಕಿಂತ ಹೊರಗಡೆಗೆ ಕೊಡೋದು ಹೆಚ್ಚಿರೋದು) ಜಾಸ್ತಿ ಆದ್ರೆ ರಿಸೆಷನ್ (ಆರ್ಥಿಕತೆ ಕುಗ್ಗೋದು) ಬಂದೇ ಬರುತ್ತಾ ಅಂತ ಯೋಚ್ನೆ ಇರೋರು ಐಎಂಎಫ್, ಅಂದ್ರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಈ ಸೈಟ್ ನೋಡಿ, ದುಡ್ಡು ಕೊಡ್ಬೇಕಿಲ್ಲ, ಲಾಗಿನ್ನೂ ಬೇಡ, ಎಷ್ಟೋ ದೇಶಗಳದ್ದು 1980ರಿಂದ ಗ್ರಾಫ್ ಸಿಗುತ್ತೆ. ಥಾಯ್ಲೆಂಡ್ ಹಾಕಿ ಮೊದ್ಲು. 1996ರಲ್ಲಿ ಡೆಫಿಸಿಟ್ ಜಿಡಿಪಿಯ ಸುಮಾರು 8%, ಹೊರಗಿನ ಸಾಲ ನಿಂತಿದ್ದೇ ತಡ 1998ರಲ್ಲಿ ಜಿಡಿಪಿ 7%ಗಿಂತ ಜಾಸ್ತಿ ಕುಸೀತು, ಅದೇ ವರ್ಷ ಕರೆಂಟ್ ಅಕೌಂಟ್ ದೊಡ್ಡ ಸರ್ಪ್ಲಸ್ಸು, ಅಂದ್ರೆ ಡೆಫಿಸಿಟ್‌ಗೆ ಉಲ್ಟಾ! ಅದು ಖುಷಿ ಪಡೋ ಸರ್ಪ್ಲಸ್ ಅಲ್ಲ ರೀ, ಇಂಪೋರ್ಟ್ ಮಾಡೋಕೆ ಜನರ ಹತ್ರ ದುಡ್ಡೇ ಇರ್ಲಿಲ್ಲ, ಆ ಗೆರೆ ನೋಡಿದ್ರೆ ಸಂಕಟ ಆಗುತ್ತೆ.

ಹಂಗಂತ ಸರ್ಪ್ಲಸ್ ಇದ್ರೆ ಸೇಫ್ ಅಂತಲೂ ಇಲ್ಲ, ಜರ್ಮನಿ 2009ರಲ್ಲಿ ಸರ್ಪ್ಲಸ್ ಇಟ್ಕೊಂಡೇ 5%ಗಿಂತ ಜಾಸ್ತಿ ಬಿತ್ತು, ಯಾಕಂದ್ರೆ ಹೊರಗಡೆ ಕೊಳ್ಳೋರೇ ಕೈ ಬಿಗಿ ಹಿಡಿದ್ರು. ನಮ್ಮ ದೇಶದ್ದು 2012-13ರಲ್ಲಿ 4.8% ಡೆಫಿಸಿಟ್, ಮುಂದಿನ ವರ್ಷ ರೂಪಾಯಿ ಜೋರಾಗಿ ಬಿತ್ತು, ಆದ್ರೆ ರಿಸೆಷನ್ ಬರ್ಲಿಲ್ಲ.

ಒಂದು ಕೊರತೆ, ಡೆಫಿಸಿಟ್ ತುಂಬಿದ್ದು ಎಫ್‌ಡಿಐನಾ (ವಿದೇಶಿ ಕಂಪನಿಗಳ ನೇರ ಹೂಡಿಕೆ) ಶಾರ್ಟ್ ಟರ್ಮ್ ಸಾಲನಾ ಅಂತ ಈ ಗ್ರಾಫ್ ಹೇಳಲ್ಲ, ನನ್ ಪ್ರಕಾರ ಅದೇ ಮುಖ್ಯ. ಅದಕ್ಕೆ ನಮ್ಮ ದೇಶದ್ದು ನೋಡುವಾಗ ಆರ್‌ಬಿಐನ ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ (ಹೊರದೇಶಗಳ ಜೊತೆಗಿನ ಹಣದ ಲೆಕ್ಕ) ಟೇಬಲ್ ಪಕ್ಕದಲ್ಲಿ ಇಟ್ಕೊಳ್ಳಿ. ಡೇಟಾಮ್ಯಾಪರ್ ಗ್ರಾಫಲ್ಲಿ ಕೊನೇ ವರ್ಷಗಳ ನಂಬರ್ ಬರೀ ಅಂದಾಜು, ಅದನ್ನ ನಿಜ ಅಂತ ಶೇರ್ ಮಾಡ್ಬೇಡಿ.