ಕೆನ್ನಿಯ ಟೈನಿ ಡಂಜನ್: ಪ್ಯಾಕ್ ಮಾರುವವರ ಕಣ್ಣಲ್ಲಿ

ಗೇಮ್‌ಗೆ ಬೇಕಾದ ಚಿತ್ರಗಳನ್ನು ಮಾಡಿ ಪುಕ್ಕಟೆ ಹಂಚುವ ಕೆನ್ನಿಯ ಹೆಸರು ಗೇಮ್ ಮಾಡುವವರಿಗೆ ಹೊಸದಲ್ಲ. ಅವರ ಟೈನಿ ಡಂಜನ್ ಒಂದು ಪ್ಯಾಕ್, ಅಂದ್ರೆ ನೆಲಮಾಳಿಗೆಯ ಗೇಮ್‌ಗೆ ಬೇಕಾದ ಚಿತ್ರಗಳ ಕಟ್ಟು. ಪುಕ್ಕಟೆ ಸಿಗುತ್ತದೆ, ಸಿಸಿ ಜೀರೋ (CC0) ಲೈಸೆನ್ಸ್. ಅಂದ್ರೆ ಮಾರುವ ಗೇಮ್‌ನಲ್ಲೂ ಬಳಸಬಹುದು, ಹೆಸರು ಹಾಕಲೇಬೇಕು ಅಂತ ಏನೂ ಇಲ್ಲ. ಆದರೆ ನಾನು ಇದನ್ನು ಇಳಿಸಿಕೊಂಡಿದ್ದು ಗೇಮ್ ಮಾಡೋಕಲ್ಲ. ನಾನು ಪಿಕ್ಸೆಲ್ ಆರ್ಟ್ (ಚುಕ್ಕಿ ಚುಕ್ಕಿಯಾಗಿ ಬರೆಯುವ ಚಿತ್ರ) ಪ್ಯಾಕ್ ಬರೆದು ಗೇಮ್ ಡೆವಲಪರ್‌ಗಳಿಗೆ ಮಾರುವವಳು. ಒಂದು ಪ್ಯಾಕ್ ಪೂರ್ತಿ ಒಂದೇ ಕೈಯಿಂದ ಬಂದ ಹಾಗೆ ಕಾಣಬೇಕಾದರೆ ಬರೆಯುವ ಮೊದಲೇ ಏನೇನು ತೀರ್ಮಾನ ಮಾಡಿರಬೇಕು? ಅದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ಯಾಕ್ ನಾನು ಬೇರೆ ನೋಡಿಲ್ಲ.

ಒಟ್ಟು 132 ಟೈಲ್, ಅಂದ್ರೆ ಪಕ್ಕಪಕ್ಕ ಜೋಡಿಸುವ ಚೌಕ ಚಿತ್ರಗಳು. ಪ್ರತಿಯೊಂದೂ 16×16 ಪಿಕ್ಸೆಲ್. ಅಷ್ಟೇ. ಗೋಡೆ, ನೆಲ, ಬಾಗಿಲು, ಪೆಟ್ಟಿಗೆ, ಕತ್ತಿ, ಮದ್ದಿನ ಬಾಟಲಿ, ಮಂತ್ರವಾದಿ, ದೆವ್ವ, ಎಲ್ಲವೂ ಇದೇ ಚೌಕದೊಳಗೆ. ನನಗೆ ತುಂಬಾ ಹಿಡಿಸಿದ್ದು ಗೆರೆ. ಹೊರಗೆರೆಗೆ ಅಚ್ಚ ಕಪ್ಪು ಹಾಕಿಲ್ಲ, ಕೆಂಪು ಬೆರೆತ ಗಾಢ ಕಂದು ಹಾಕಿದ್ದಾರೆ. ಹೀರೋಗೂ ಅದೇ, ಬಾಟಲಿಗೂ ಅದೇ. ಎಲ್ಲ ಟೈಲ್ ಒಟ್ಟಿಗಿರುವ ಶೀಟಿನ ಯಾವ ಮೂಲೆಯಿಂದ ಎರಡು ಟೈಲ್ ಎತ್ತಿ ಪಕ್ಕಪಕ್ಕ ಇಟ್ಟರೂ ಜಗಳ ಆಡುವುದಿಲ್ಲ. ಬಣ್ಣ ತೆಗೆದು ಬರೀ ಬೂದು ಮಾಡಿಯೂ ನೋಡಿದೆ. ಆಗಲೂ ಪಾತ್ರಗಳು ನೆಲದಲ್ಲಿ ಕರಗಿಹೋಗಲಿಲ್ಲ. ಪ್ಯಾಕ್ ಮಾರುವವರು ಈ ಪರೀಕ್ಷೆಯನ್ನು ತಮ್ಮ ಕೆಲಸದ ಮೇಲೂ ಮಾಡಲೇಬೇಕು.

ಹೋಲಿಕೆಗೆ ಹೇಳುತ್ತೇನೆ. ಹಿಂದೆ ದುಡ್ಡು ಕೊಟ್ಟು ಒಂದು ಪ್ಯಾಕ್ ಕೊಂಡಿದ್ದೆ, ಹೆಸರು ಬೇಡ. ಒಂದೊಂದು ಚಿತ್ರವೂ ಇದಕ್ಕಿಂತ ಚೆನ್ನಾಗಿತ್ತು. ಆದರೆ ಮರಗಳನ್ನು ದೊಡ್ಡ ಗಾತ್ರದಲ್ಲಿ ಬರೆದು ಕುಗ್ಗಿಸಿದ್ದರು, ಪಾತ್ರಗಳನ್ನು ಚಿಕ್ಕದಾಗಿ ಬರೆದು ಹಿಗ್ಗಿಸಿದ್ದರು. ಒಂದೇ ತೆರೆಯ ಮೇಲೆ ಎರಡು ಅಳತೆಯ ಪಿಕ್ಸೆಲ್! ಬೆಳಕು ಮನೆಗೆ ಎಡದಿಂದ, ಬಂಡೆಗೆ ಬಲದಿಂದ. ಡೆವಲಪರ್ ಅದನ್ನು ಸರಿ ಮಾಡುತ್ತಾ ಕೂರುವುದಿಲ್ಲ, ಸುಮ್ನೆ ಪಕ್ಕಕ್ಕಿಡುತ್ತಾನೆ. ಚಂದದ ಚಿತ್ರಗಳ ರಾಶಿ ಬೇರೆ, ಪ್ಯಾಕ್ ಬೇರೆ ಅಲ್ವಾ?

ಏನೇನು ಬರೆಯಬೇಕು ಅಂತ ಆರಿಸಿರುವುದರಲ್ಲೂ ಜಾಣತನ ಇದೆ. ಪೆಟ್ಟಿಗೆ ಮುಚ್ಚಿದ್ದೂ ಇದೆ, ತೆರೆದದ್ದೂ ಇದೆ, ಹಲ್ಲು ಬಿಟ್ಟ ರಾಕ್ಷಸ ಪೆಟ್ಟಿಗೆಯೂ ಇದೆ. ಗೇಮ್‌ನಲ್ಲಿ ವಸ್ತುವಿನ ಸ್ಥಿತಿ ಬದಲಾಗುತ್ತದೆ. ಆ ಬದಲಾದ ಚಿತ್ರ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಹಲವರು ಹತ್ತು ಬಗೆಯ ಕತ್ತಿ ಬರೆದು ಖುಷಿಪಡುತ್ತೇವೆ, ತೆರೆದ ಬಾಗಿಲು ಮಾತ್ರ ಇರುವುದಿಲ್ಲ. ಈಗ ನಾನು ಪ್ಯಾಕ್ ಶುರು ಮಾಡುವ ಮೊದಲು ಅದರಲ್ಲಿ ಆಡಬಹುದಾದ ಒಂದು ಚಿಕ್ಕ ಗೇಮನ್ನು ಕಾಗದದ ಮೇಲೆ ಬರೆಯುತ್ತೇನೆ. ಆಟಗಾರ ಎಲ್ಲಿ ನಡೆಯುತ್ತಾನೆ, ಏನು ಮುಟ್ಟುತ್ತಾನೆ, ಮುಟ್ಟಿದರೆ ಏನಾಗುತ್ತದೆ. ಟೈಲ್ ಪಟ್ಟಿ ಅಲ್ಲಿಂದಲೇ ಹುಟ್ಟುತ್ತದೆ.

ಫೈಲ್‌ಗಳ ಜೋಡಣೆಯೂ ಡೆವಲಪರ್ ಕಷ್ಟ ಗೊತ್ತಿದ್ದವರು ಮಾಡಿದ್ದು. ಬಿಡಿ ಟೈಲ್‌ಗಳು ಬೇರೆ, ಇಡೀ ಶೀಟ್ ಬೇರೆ. ಶೀಟಿನಲ್ಲೂ ಎರಡು ಬಗೆ: ಟೈಲ್‌ಗಳ ನಡುವೆ 1 ಪಿಕ್ಸೆಲ್ ಜಾಗ ಬಿಟ್ಟದ್ದು ಮತ್ತು ಒತ್ತಾಗಿ ಜೋಡಿಸಿದ್ದು. ಜಾಗ ಯಾಕೆ ಅಂದ್ರೆ, ಕ್ಯಾಮೆರಾ ಸರಿಯುವಾಗ ಪಕ್ಕದ ಟೈಲಿನ ಬಣ್ಣ ಸೋರಿ ತೆಳು ಗೆರೆ ಕಾಣಿಸುವುದುಂಟು. ಒತ್ತಾದ ಶೀಟ್ 192×176 ಪಿಕ್ಸೆಲ್, 16ರಿಂದ ಸರಿಯಾಗಿ ಭಾಗವಾಗುತ್ತದೆ. ಗೇಮ್ ಎಂಜಿನ್‌ಗೆ (ಗೇಮ್ ಕಟ್ಟುವ ಸಾಫ್ಟ್‌ವೇರ್) ಹಾಕಿ ಟೈಲ್ ಅಳತೆ 16 ಅಂತ ಹೇಳಿದರೆ ಸಾಕು.

ಕೊರತೆ ಇಲ್ಲವೇ? ಇದೆ. ಪಾತ್ರಗಳಿಗೆ ಒಂದೊಂದೇ ಭಂಗಿ, ನಡೆಯುವಂತೆ ತೋರಿಸುವ ಫ್ರೇಮ್‌ಗಳಿಲ್ಲ. ಬಿಡಿ ಫೈಲ್‌ಗಳ ಹೆಸರು ಬರೀ ನಂಬರ್, ಬಾಗಿಲು ಬೇಕಾದರೆ ಕಣ್ಣಲ್ಲೇ ಹುಡುಕಬೇಕು. ಹಣ ಕೇಳುವ ಪ್ಯಾಕ್‌ನಲ್ಲಿ ಈ ಎರಡನ್ನೂ ನಾನು ಒಪ್ಪುವುದಿಲ್ಲ. ಪುಕ್ಕಟೆ ಕೊಟ್ಟದ್ದರಲ್ಲಿ ದೂರಲಾರೆ.

ಇನ್ನೊಂದು ಮಾತು, ಇದರ ಒಡಹುಟ್ಟು ಟೈನಿ ಟೌನ್ ಬಗ್ಗೆ. ಅದೂ 16×16, ಅದೂ 132 ಟೈಲ್, ಅದೇ ಗೆರೆ. ಊರಿನಿಂದ ನೆಲಮಾಳಿಗೆಗೆ ಇಳಿದರೂ ಬೇರೆ ಗೇಮ್‌ಗೆ ಬಂದೆ ಅನ್ನಿಸುವುದಿಲ್ಲ. ಮೊದಲ ಪ್ಯಾಕ್ ಕೊಂಡವರು ಎರಡನೆಯದಕ್ಕೂ ಬರಲಿ ಅನ್ನುವವರು ಇದನ್ನೇ ಯೋಚಿಸಬೇಕು: ಅಳತೆ, ಬಣ್ಣದ ಪಟ್ಟಿ, ಗೆರೆ ಮೂರನ್ನೂ ಬರೆದಿಟ್ಟು, ಮುಂದಿನ ಪ್ಯಾಕ್‌ನಲ್ಲಿ ಮುಟ್ಟದೆ ಬಿಡಬೇಕು.

ಹಾಗಂತ ಇದರ ಬಣ್ಣ ಬದಲಾಯಿಸಿ ನಿಮ್ಮ ಪ್ಯಾಕ್ ಅಂತ ಮಾರಬೇಡಿ. ಲೈಸೆನ್ಸ್ ತಡೆಯುವುದಿಲ್ಲ, ನಿಜ. ಆದರೆ ಇದರ ಮೂಲ ಎಷ್ಟೋ ಡೆವಲಪರ್‌ಗಳ ಹತ್ತಿರ ಆಗಲೇ ಇದೆ, ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ.